ಇಂಗದ ನೀರು

ಗಂಗಯ್ಯನಿಗೆ ಮಣ್ಣಿನ ವಿಷಯದಲ್ಲಿ ಸ್ವಲ್ಪ ಜಂಬವಿತ್ತು. ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ. ನುಗ್ಗೇಹಳ್ಳಿ ಸುತ್ತಿನ ಹತ್ತು ಹನ್ನೆರಡು ಊರುಗಳಲ್ಲಿ ಬಾವಿ, ಪಾಯ, ಕಕ್ಕಸಿನ ಗುಂಡಿ ಎಲ್ಲವನ್ನೂ ನಲವತ್ತೈದು ವರ್ಷ ತೋಡಿದ ಕೈ ಅದು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ, ನಾಲ್ಕು ಹನಿ ನೀರು ಚಿಮುಕಿಸಿ ಉಂಡೆ ಕಟ್ಟಿ, ಆ ಉಂಡೆ ಬಿರಿಯುತ್ತದೋ ಇಲ್ಲವೋ ನೋಡಿ, 'ಇದು ನೀರು ಕುಡೀತದೆ' ಅಥವಾ 'ಇದು ಕುಡಿಯಾಕಿಲ್ಲ, ಬಾಯಿ ಕಟ್ಕಂಡು ಕುಂತ್ಕತದೆ' ಎಂದು ಹೇಳಿಬಿಡುತ್ತಿದ್ದ. ಅವನು ಹೇಳಿದ್ದು ಸುಳ್ಳಾದದ್ದನ್ನು ಕಂಡವರಿಲ್ಲ. ಕಂಡವರಿದ್ದರೂ ಅವನೆದುರು ಬಾಯಿಬಿಟ್ಟವರಿಲ್ಲ.

ಆ ಸಲ ಅವನನ್ನು ಕರೆಸಿದ್ದು ಬಿಳಿಕಲ್ಲಹಳ್ಳಿಯ ಮೇಲಿನ ಬೀದಿಯ ರುದ್ರೇಶ. ತೆಂಗಿನಕಾಯಿ ವ್ಯಾಪಾರದವನು, ಸುಮ್ಮನೆ ಕೂರುವ ಜಾತಿಯಲ್ಲ. ನುಗ್ಗೇಹಳ್ಳಿಯ ಹೊಯ್ಸಳರ ಗುಡಿ ನೋಡಲು ಕಾರಿನಲ್ಲಿ ಬರುವವರು ಉಳಿಯಲು ಜಾಗವಿಲ್ಲದೆ ಹಾಸನಕ್ಕೆ ಓಡುತ್ತಾರೆಂದು, ಮನೆಯ ಪಕ್ಕಕ್ಕೆ ನಾಲ್ಕು ಕೋಣೆ ಕಟ್ಟಿಸಿ 'ಹೋಂಸ್ಟೇ' ಎಂದು ಬೋರ್ಡು ಬರೆಸಿ ಇಟ್ಟಿದ್ದ. ಬೋರ್ಡಿಗೆ ಇನ್ನೂ ಗೋಡೆ ಹತ್ತುವ ಯೋಗ ಬಂದಿರಲಿಲ್ಲ. ನಾಲ್ಕು ಕೋಣೆಗೆ ನಾಲ್ಕು ಕಕ್ಕಸು. ಅಷ್ಟರ ನೀರು ಮೊದಲು ಸಿಮೆಂಟಿನ ತೊಟ್ಟಿಗೆ ಬಂದು, ಗಷ್ಟು ತಳದಲ್ಲಿ ಕೂತು, ಮೇಲಿನ ನೀರು ಪಕ್ಕದ ಇಂಗುಗುಂಡಿಗೆ ಇಳಿದು ಮಣ್ಣಿನಲ್ಲಿ ಇಂಗಬೇಕು. ಇಂಗುತ್ತದೆ ಎಂದು ಇಂಜಿನಿಯರು ಪರೀಕ್ಷೆ ಮಾಡಿ ಬರೆದುಕೊಟ್ಟರೆ ಮಾತ್ರ ಪರವಾನಗಿ ಎಂದು ಪಂಚಾಯಿತಿಯವರು ಹೇಳಿಬಿಟ್ಟಿದ್ದರು.

'ಇಂಗು ಪರೀಕ್ಷೆ' ಎಂಬ ಮಾತು ಕೇಳಿ ರುದ್ರೇಶನ ತಾಯಿ ದಾಕ್ಷಾಯಣಮ್ಮ ಬೆರಗಾಗಿದ್ದಳು. "ಒಗ್ಗರಣೆ ಇಂಗನ್ನೂ ಪಂಚಾಯ್ತಿಯೋರೇ ಪರೀಕ್ಷೆ ಮಾಡ್ತಾರೇನೋ?" ಎಂದು ಆಕೆ ಕೇಳಿದ್ದನ್ನು ರುದ್ರೇಶ ಅಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ್ದ.

ಗುಂಡಿಗೆ ಎರಡು ಜಾಗಗಳಿದ್ದವು. ಒಂದು, ಮನೆಯ ಹಿತ್ತಲು. ಇನ್ನೊಂದು, ರುದ್ರೇಶನದೇ ಆದ ಕೆಳಗಿನ ಖಾಲಿ ನಿವೇಶನ. ಈ ನಿವೇಶನದ ಬೇಲಿ ದಾಟಿದರೆ ಕೆಳಗಿನ ಬೀದಿ, ಗಂಗಯ್ಯನ ಬೀದಿ. ಬೀದಿಯ ತಲೆಯಲ್ಲೇ ಬಾವಿ.

"ಹಿತ್ಲಲ್ಲಾಗ್ತದೋ ಕೆಳಗಿನ ಸೈಟಲ್ಲಾಗ್ತದೋ ಗಂಗಯ್ಯ? ನಂಗೆ ಎಲ್ಲಾದ್ರೂ ಒಂದೇಯ. ಪರ್ಮಿಷನ್ ಸಿಕ್ರೆ ಸಾಕು," ಎಂದ ರುದ್ರೇಶ.

"ಇತ್ಲಲ್ಲೇ ಆಯ್ತದೆ ಕಣಪ್ಪ. ಈ ಮಣ್ಣು ನೀರು ಕುಡೀತದೆ, ನಾನು ಯೋಳ್ತೀನಲ್ಲ."

"ನೀನು ಹೇಳಿದ್ರೆ ಸಾಲ್ದಲ್ಲಪ್ಪ, ಇಂಜಿನಿಯರು ಹೇಳ್ಬೇಕು."

ಗಂಗಯ್ಯ ಹಿತ್ತಲೇ ಎಂದು ಪಟ್ಟು ಹಿಡಿದದ್ದಕ್ಕೆ ಕಾರಣ ಜಂಬವಷ್ಟೇ ಅಲ್ಲ. ಕೆಳಗಿನ ಬೀದಿಯ ಬಾವಿಯನ್ನು ತೋಡಿದ್ದು ಅವನು ಮತ್ತು ಅವನ ಅಪ್ಪ. ಆಗ ಅವನಿಗೆ ಹದಿನೇಳು. ಮೇಲಿನ ಬೀದಿಯ ಬಾವಿಯಲ್ಲಿ ಅವರು ನೀರು ಸೇದುವ ಹಾಗಿರಲಿಲ್ಲ. ಯಾರಾದರೂ ಪುಣ್ಯಾತ್ಮರು ಸೇದಿ ಹೊಯ್ಯುವವರೆಗೆ ಬಿಂದಿಗೆ ಇಟ್ಟುಕೊಂಡು ಕಾಯಬೇಕಿತ್ತು. ಒಂದು ಬೇಸಿಗೆಯಲ್ಲಿ ಅಪ್ಪನಿಗೆ ರೇಗಿಹೋಯಿತು. ಇಪ್ಪತ್ತೆಂಟು ಅಡಿ ಇಳಿದ ಮೇಲೆ ಪಡುವಣ ಮಗ್ಗುಲಿನ ಗರಸಿನಿಂದ, ಆ ನೊರಜುಗಲ್ಲಿನ ಪದರದಿಂದ, ಬೆರಳು ಗಾತ್ರದ ಸೆಲೆ ಜಿನುಗಿತು. ಈಗ ಬೀದಿಗೆ ನಲ್ಲಿ ಬಂದಿದೆ, ನಿಜ. ಆದರೆ ಕೊಳವೆ ಬಾವಿಯ ಆ ಗಡಸು ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ. ಕುಡಿಯಲು, ಅಡುಗೆಗೆ ಎಲ್ಲ ಮನೆಗೂ ಈ ಬಾವಿಯೇ. ಹಿತ್ತಲಿನ ಅಡಿಯಲ್ಲಿ ಆ ಗರಸಿರಲಿಲ್ಲ, ಆದರೆ ಕೆಳಗಿನ ನಿವೇಶನ ಬಾವಿಯ ಪಡುವಣಕ್ಕೆ ಗರಸಿನ ಮೇಲೆಯೇ ಇತ್ತು. ಅಲ್ಲಿ ಇಂಗಿದ್ದು ಆ ಗರಸಿನಲ್ಲಿ ಹರಿದು ಎಲ್ಲಿಗೆ ಬರುತ್ತದೆಂದು ಗಂಗಯ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದ್ದರಿಂದ ಅವನು ಹಿತ್ತಲಿನ ಹಲಸಿನ ಮರದ ಆಚೆಗೆ ಪರೀಕ್ಷೆಯ ಗುಂಡಿಯನ್ನು ಬಲು ಶ್ರದ್ಧೆಯಿಂದ ತೋಡಿದ. ಮೊಳದಗಲ, ಒಂದೂವರೆ ಮೊಳದಾಳ. ರಾತ್ರಿಯಿಡೀ ಮಣ್ಣು ನೆನೆಯಲಿ ಎಂದು ಇಂಜಿನಿಯರು ಫೋನಿನಲ್ಲಿ ಹೇಳಿದ್ದನಂತೆ. ಸಂಜೆ ನಾಲ್ಕು ಕೊಡ ನೀರು ಸುರಿದು ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ಗುಂಡಿಯಲ್ಲಿ ಅರ್ಧ ನೀರಿರಲಿಲ್ಲ. ಇನ್ನೂ ನಾಲ್ಕು ಕೊಡ ಸುರಿದು, ತನ್ನ ಮಗನಿಗೆ ಪಾಠ ಒಪ್ಪಿಸಲು ಹೇಳಿ ಕೇಳುತ್ತಿರುವ ಅಪ್ಪನಂತೆ ತಲೆದೂಗುತ್ತ ನೋಡಿ, ಎದ್ದು ಮನೆಗೆ ಬಂದ.

ಹೆಂಡತಿ ಬೆಟ್ಟಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವಳು ತಲೆ ಎತ್ತುವ ಮೊದಲೇ ಕೇಳಿದಳು.

"ಏನಾಯ್ತು? ಬೀದಿಯೋರೆಲ್ಲ ನನ್ನ ಕೇಳ್ತಾವ್ರೆ. ಮೇಲಿನೋರ ಕಕ್ಕಸು ನೀರು ನಮ್ಮ ಬಾವಿಗೆ ಬಿಡ್ತಾರಂತೆ, ಹೌದಾ ಅಂತ."

"ಒಂದು ತೊಟ್ಟೂ ಬರಾಕಿಲ್ಲ ಕಣಮ್ಮಿ. ಇತ್ಲಲ್ಲೇ ಆಯ್ತದೆ. ಏನ್ ಕುಡೀತದೆ ಅಂತೀಯ ಆ ಮಣ್ಣು! ಯೋಳೋಗು ಅವ್ರಿಗೆ, ಗಂಗಯ್ಯ ಯೋಳವ್ನೆ ಅಂತ."

"ನಿನ್ನ ಜಂಬಕ್ಕಿಷ್ಟು," ಎಂದು ಬೆಟ್ಟಮ್ಮ ಅವರೆ ಸಿಪ್ಪೆಯನ್ನು ಅವನ ಕಡೆಗೇ ಒದರಿದಳು. ಆದರೆ ಮಡಿಲಿನ ಕಾಳನ್ನು ಮೊರಕ್ಕೆ ಸುರಿದು, ಬಾವಿಕಟ್ಟೆಯಲ್ಲಿದ್ದ ಹೆಂಗಸರಿಗೆ ಹೇಳಲು ಆಗಲೇ ಹೊರಟೂಬಿಟ್ಟಳು.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಬಾ ಎಂದಿದ್ದರು. ಗಂಗಯ್ಯ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಹತ್ತಕ್ಕೆ ಸರಿಯಾಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದರೆ, ಇಂಜಿನಿಯರು ಒಂಬತ್ತಕ್ಕೇ ಬಂದು ಕೂತಿದ್ದ. ಹೆಸರು ಕೀರ್ತಿರಾಜ್, ಅರಕಲಗೂಡು ಕಡೆಯವನು. ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ರುದ್ರೇಶ ಪೈಪು ಎಳೆದು ತಂದು ಗುಂಡಿಗೆ ನೀರು ತುಂಬಿಸಿಯೂ ಆಗಿತ್ತು. ಗುಂಡಿಯ ಸುತ್ತಲಿನ ನೆಲವನ್ನು ಚೊಕ್ಕಟವಾಗಿ ಸಾರಿಸಿದ್ದರು. ಸಾಹೇಬರು ಬರುತ್ತಾರೆಂದು ಮನೆಯವರು ಮುತುವರ್ಜಿ ವಹಿಸಿದ್ದಾರೆ ಎಂದುಕೊಂಡು ಗಂಗಯ್ಯ ಅದರ ಮೇಲೆ ಕಾಲಿಡದೆ ಬಳಸಿ ಬಂದ.

"ಗುಂಡಿ ತೋಡಿದ ಗಂಗಯ್ಯನವರು ನೀವೇನಾ?" ಎಂದ ಕೀರ್ತಿರಾಜ್.

'ಗಂಗಯ್ಯನವರು' ಎಂದು ಆ ಹಿತ್ತಲಿನಲ್ಲಿ ಯಾರೂ ಅವನನ್ನು ಕರೆದಿರಲಿಲ್ಲ. ಅವನಿಗೆ ಖುಷಿಯಾಯಿತು. ಆದರೆ ಆ ಖುಷಿ ಗುಂಡಿಯೊಳಗೆ ಇಣುಕಿ ನೋಡುವವರೆಗೆ ಮಾತ್ರ ಇತ್ತು.

ನೀರು ನಿಂತಿತ್ತು. ಅಂಗುಲದ ಗೆರೆ ಹಾಕಿದ ಕೋಲೊಂದನ್ನು ಕೀರ್ತಿರಾಜ್ ಗುಂಡಿಯ ನಡುವೆ ನೆಟ್ಟಿದ್ದ. ನೀರಿನ ಮೇಲೆ ಹಲಸಿನ ಹಣ್ಣೆಲೆಯೊಂದು ಬಿದ್ದು, ಆ ಕೋಲಿಗೆ ಒರಗಿಕೊಂಡು ಆರಾಮವಾಗಿ ತೇಲುತ್ತಿತ್ತು.

"ಇಪ್ಪತ್ತು ನಿಮಿಷ ಆಯ್ತು. ಒಂದು ದಾರದಷ್ಟೂ ಇಳಿದಿಲ್ಲ," ಎಂದ ಕೀರ್ತಿರಾಜ್, ಮೊಬೈಲು ನೋಡುತ್ತ.

"ಇಳೀತದೆ ಸಾ. ಒಸಿ ತಡೀರಿ. ನೆನ್ನೆ ಗಟಗಟ ಅಂತ ಕುಡೀತು."

ಗಂಗಯ್ಯ ಗುಂಡಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಮೂವತ್ತು ನಿಮಿಷವಾಯಿತು. ನಲವತ್ತಾಯಿತು. ಎಲೆ ಇದ್ದಲ್ಲೇ ಇತ್ತು. ಗಂಗಯ್ಯನಿಗೆ ನಲವತ್ತೈದು ವರ್ಷ ತಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗಿ, ಅದರಲ್ಲಿ ಎಷ್ಟು ನಿಜ, ಎಷ್ಟು ಅದೃಷ್ಟ ಎಂದು ಅನುಮಾನ ಹುಟ್ಟಿತು. ಮನುಷ್ಯನಿಗೆ ವಯಸ್ಸಾಗುವುದು ಹೀಗೆ ಒಂದೇ ಬೆಳಿಗ್ಗೆಯಲ್ಲೇ ಇರಬೇಕು ಎಂದು ಅವನಿಗೆ ಅನ್ನಿಸಿತು.

"ಇದು ಆಗಲ್ಲ ರುದ್ರೇಶ್ ಸರ್," ಎಂದು ಕೀರ್ತಿರಾಜ್ ಎದ್ದ. "ಅರ್ಧ ಗಂಟೆ ಒಳಗೆ ಒಂದಂಗುಲನಾದ್ರೂ ಇಳೀಬೇಕು. ಇಲ್ಲಿ ಗುಂಡಿ ಮಾಡಿದ್ರೆ ಮಳೆಗಾಲದಲ್ಲಿ ಎಲ್ಲ ಮೇಲಕ್ಕೆ ಉಕ್ಕಿ ಬರುತ್ತೆ. ಬೇರೆ ಜಾಗ ಇದೆ ಅಂದ್ರಲ್ಲ?"

"ಇದೆ ಸರ್, ಬನ್ನಿ. ಕೆಳಗೆ."

ಮೂವರೂ ಕೆಳಗಿನ ನಿವೇಶನಕ್ಕೆ ಇಳಿದರು. ಕೀರ್ತಿರಾಜ್ ಟೇಪಿನ ಒಂದು ತುದಿಯನ್ನು ಗಂಗಯ್ಯನ ಕೈಗೇ ಕೊಟ್ಟು ಬಾವಿಕಟ್ಟೆಗೆ ಹಿಡಿಯಲು ಹೇಳಿದ. ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಇಬ್ಬರು ಹೆಂಗಸರು ಟೇಪನ್ನೂ ನೋಡಿದರು, ಗಂಗಯ್ಯನ ಮುಖವನ್ನೂ ನೋಡಿದರು. ಅವನು ಅವರತ್ತ ತಿರುಗಲಿಲ್ಲ.

"ಐವತ್ತೆಂಟು ಅಡಿ," ಎಂದು ಕೀರ್ತಿರಾಜ್ ಕೂಗಿದ. "ಐವತ್ತಿದ್ರೆ ಸಾಕು. ಸರಿಯಾಗಿದೆ."

ಗಂಗಯ್ಯ ಟೇಪು ಬಿಟ್ಟು ಅವನ ಹತ್ತಿರ ಹೆಚ್ಚೂಕಡಿಮೆ ಓಡಿಯೇ ಬಂದ. "ಸಾ, ಅಳತೆ ಸರಿಯಾಗೈತೆ, ನಾನು ಇಲ್ಲ ಅನ್ನಾಕಿಲ್ಲ. ಆದ್ರೆ ಇಲ್ಲಿ ಒಂದಾಳು ಕೆಳೀಕೆ ಗರಸು ಐತೆ. ಅದು ಸೀದಾ ಬಾವಿಗೇ ಓಯ್ತದೆ. ಬಾವಿಗೆ ಸೆಲೆ ಬರಾದೇ ಈ ಮಗ್ಗುಲಿಂದ ಸಾ. ನಾನೇ ತೋಡಿದ್ದು, ನಮ್ಮಪ್ಪನ ಜೊತೇಲಿ. ಇಲ್ಲಿ ಬಿಟ್ಟಿದ್ದು ನಾಕು ದಿನಕ್ಕೆ ನಮ್ಮ ಬಿಂದಿಗೆಗೆ ಬತ್ತದೆ."

ಕೀರ್ತಿರಾಜ್ ಕೇಳಿಸಿಕೊಂಡ. ಒರಟು ಹುಡುಗನಲ್ಲ. "ನಿಮ್ಮ ಮಾತು ಸುಳ್ಳು ಅಂತ ನಾನು ಹೇಳಲ್ಲ ಗಂಗಯ್ಯನವರೆ. ಆದ್ರೆ ಫಾರಂನಲ್ಲಿ ಬಾವಿ ಎಷ್ಟು ದೂರ ಅಂತ ಕೇಳಿದ್ದಾರೆ. ಸೆಲೆ ಯಾವ ಕಡೆಯಿಂದ ಬರುತ್ತೆ ಅಂತ ಕೇಳಿಲ್ಲ. ಮತ್ತೆ..." ಎಂದು ಅವನು ಮೇಲಿನ ಹಿತ್ತಲ ಕಡೆ ಒಮ್ಮೆ ನೋಡಿ ಸುಮ್ಮನಾದ.

ಆ ಹುಡುಗ ನುಂಗಿಕೊಂಡ ಮಾತು ಏನೆಂದು ಗಂಗಯ್ಯನಿಗೆ ತಿಳಿಯಿತು. ಆ ಮಣ್ಣು ಕುಡಿಯುತ್ತದೆ ಎಂದೂ ನೀವೇ ಹೇಳಿದ್ದಿರಿ. ಮೇಲೆ ಸುಳ್ಳಾದ ಬಾಯಿ ಕೆಳಗೆ ನಿಜ ಹೇಳುತ್ತಿದೆ ಎಂದು ಯಾರು ನಂಬುತ್ತಾರೆ? ರುದ್ರೇಶ ಅವನ ಹೆಗಲು ತಟ್ಟಿ, "ಬಿಡು ಗಂಗಯ್ಯ, ಸಿಮೆಂಟ್ ರಿಂಗು ಇಳಿಸಿ ಭದ್ರವಾಗಿ ಮಾಡ್ಸಾಣ," ಎಂದ. ಅವನಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಇಂಗುಗುಂಡಿಯನ್ನು ಭದ್ರ ಮಾಡಿದರೆ ಅದು ಇಂಗುವುದು ಹೇಗೆ ಎಂದು ಯೋಚಿಸುವ ವ್ಯವಧಾನವೂ ಇರಲಿಲ್ಲ.

ಅವರಿಬ್ಬರೂ ಬೇಲಿಯ ಹತ್ತಿರ ನಿಂತು ಮಾತಾಡುತ್ತಿರುವಾಗ ಗಂಗಯ್ಯ ಒಬ್ಬನೇ ಹಿತ್ತಲಿಗೆ ಹತ್ತಿ ಬಂದ. ಗುದ್ದಲಿ ತೆಗೆದುಕೊಂಡು ಹೋಗುವುದು ಎಂದು ನೆಪ. ನಿಜವೆಂದರೆ ಆ ಗುಂಡಿಯನ್ನು ಇನ್ನೊಮ್ಮೆ ಕೇಳಬೇಕಿತ್ತು. ಅವನು ಅಂಚಿನಲ್ಲಿ ಮಂಡಿಯೂರಿ, ಒಗೆದ ಅಂಗಿಯ ತೋಳನ್ನೂ ಮಡಿಸದೆ, ಭುಜದವರೆಗೆ ಕೈ ಇಳಿಸಿದ.

ತಾನು ತೋಡಿದ ಗುಂಡಿಯ ಗೋಡೆ ಅವನ ಕೈಗೆ ಗೊತ್ತಿತ್ತು. ಗುದ್ದಲಿಯ ಕಚ್ಚು, ಸಣ್ಣ ಕಲ್ಲು, ಬೇರಿನ ತುಂಡು, ಎಲ್ಲ ಇರಬೇಕು. ಅದೇನೂ ಇರಲಿಲ್ಲ. ಗೋಡೆ ನುಣ್ಣಗಿತ್ತು. ಉಗುರಿನಿಂದ ಕೆರೆದ. ಪದರವೊಂದು ಮೆತ್ತಗೆ ಬಿಟ್ಟುಕೊಂಡು ಬೆರಳಿಗೆ ಅಂಟಿತು. ಕೈ ಮೇಲಕ್ಕೆ ತೆಗೆದು ಮೂಸಿದ. ಸಗಣಿ. ಕೆಮ್ಮಣ್ಣು ಬೆರೆಸಿದ ಸಗಣಿಯ ಬಗ್ಗಡ. ಗೋಡೆಗೆ ಮಾತ್ರವಲ್ಲ, ತಳಕ್ಕೂ ಬಳಿದು ಗುಂಡಿಯ ಬಾಯನ್ನು ಕಟ್ಟಿಬಿಟ್ಟಿದ್ದರು. ಕಾಳು ತುಂಬುವ ಪಣತವನ್ನು ಸಾರಿಸಿದಷ್ಟು ಒಪ್ಪವಾಗಿತ್ತು.

ಮೊದಲು ಬಂದದ್ದು ಸಂತೋಷ. ಮಣ್ಣು ಸುಳ್ಳಾಗಲಿಲ್ಲ, ತಾನೂ ಸುಳ್ಳಾಗಲಿಲ್ಲ. ಆ ಸಂತೋಷ ಅವನ ಎದೆಯಲ್ಲಿ ನೆಟ್ಟಗೆ ಕೂರುವ ಮೊದಲೇ ಇನ್ನೊಂದು ನೆನಪು ಬಂತು.

ರುದ್ರೇಶನ ಅಜ್ಜಿ, ದಾಕ್ಷಾಯಣಮ್ಮನ ಅತ್ತೆ, ಸತ್ತು ಹನ್ನೆರಡು ವರ್ಷವಾಗಿತ್ತು. ಆಕೆಯ ಕಾಲದಲ್ಲಿ ಗಂಗಯ್ಯ ಈ ಹಿತ್ತಲಿನಲ್ಲಿ ಕೆಲಸ ಮುಗಿಸಿ ಹೊರಟರೆ, ಅವನು ಬಾಗಿಲು ದಾಟುವುದಕ್ಕೂ ಪುರಸೊತ್ತು ಕೊಡದೆ ಆಕೆ ಸಗಣಿ ನೀರಿನ ಪಾತ್ರೆ ಹಿಡಿದು ಬರುತ್ತಿದ್ದಳು. ಅವನು ಕೂತ ಕಡೆ, ನಿಂತ ಕಡೆ, ಅಗೆದ ಕಡೆ ಎಲ್ಲ ಸಾರಿಸಿದರೇ ಆಕೆಗೆ ಸಮಾಧಾನ. ಹೊಸ ಸೊಸೆ ದಾಕ್ಷಾಯಣಮ್ಮ ಹಿಂದೆ ನಿಂತು ನೀರು ಹೊಯ್ದು ಕೊಡುತ್ತಿದ್ದಳು. ಅತ್ತೆ ಹೋದ ಮೇಲೆ ಅದೆಲ್ಲ ಹೋಯಿತು ಎಂದು ಗಂಗಯ್ಯ ತಿಳಿದಿದ್ದ. ದಾಕ್ಷಾಯಣಮ್ಮ ಒಳ್ಳೆಯ ಹೆಂಗಸು. ಅವನ ಮೊಮ್ಮಕ್ಕಳ ಓದು ವಿಚಾರಿಸುತ್ತಾಳೆ, ಹಬ್ಬಕ್ಕೆ ಕಜ್ಜಾಯ ಕಟ್ಟಿ ಕೊಡುತ್ತಾಳೆ, ಕಾಫಿ ಕೊಡುತ್ತಾಳೆ. ಕಾಫಿ ಕೊಡುವುದು ಕಾಗದದ ಲೋಟದಲ್ಲಿ. ಮನೆಯವರಿಗೂ ಅದರಲ್ಲೇ ಕೊಡುತ್ತಾಳೆ. ಕಾಗದದ ಲೋಟ ಬಂದ ಮೇಲೆ ಯಾರ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗುವ ಒಂದು ದಾರಿಯೇ ಮುಚ್ಚಿಹೋಯಿತು.

ಸಾಹೇಬರಿಗಾಗಿ ಸಾರಿಸುವವರು ಅಂಗಳ ಸಾರಿಸುತ್ತಾರೆ, ಬಾಗಿಲು ಸಾರಿಸುತ್ತಾರೆ. ನೆಲಕ್ಕೆ ಬಗ್ಗಿ, ತೋಳು ಇಳಿಬಿಟ್ಟು, ಗುಂಡಿಯ ತಳ ಸಾರಿಸುವುದಿಲ್ಲ. ಗಂಗಯ್ಯನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ತಪ್ಪು ಮಾಡದೆ ತನಗೇಕೆ ನಾಚಿಕೆ ಎಂದು ಯೋಚಿಸಿದ ಮೇಲೆ ಸಿಟ್ಟು ಬಂತು.

ಹೇಳಿದರೆ ಯಾರು ಸಾರಿಸಿದ್ದು, ಯಾಕೆ ಸಾರಿಸಿದ್ದು ಎಂಬ ಮಾತು ಬರುತ್ತದೆ. ಊರಿನ ಮಾತು ಹೊರಗಿನವರ ಮುಂದೆ ಬಿಚ್ಚಿಕೊಳ್ಳುತ್ತದೆ. ಹೇಳದಿದ್ದರೆ ಕೆಳಗೆ ಬಾವಿ ಹೋಗುತ್ತದೆ. ಅವನು ಬಹಳ ಹೊತ್ತು ಮೀನಮೇಷ ಎಣಿಸಲಿಲ್ಲ.

"ಸಾ! ಒಸಿ ಇಲ್ಲಿಗಂಟ ಬನ್ನಿ ಸಾ!"

ಕೀರ್ತಿರಾಜ್ ಬಂದ, ಹಿಂದೆ ರುದ್ರೇಶ ಬಂದ, ಕೂಗು ಕೇಳಿ ದಾಕ್ಷಾಯಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದಳು. ಗಂಗಯ್ಯ ಕೈ ಎತ್ತಿ ತೋರಿಸಿದ.

"ಸಗಣಿ ಸಾ. ಗುಂಡಿ ಒಳಗೆಲ್ಲ ಸಾರ್ಸವ್ರೆ. ಅದಕ್ಕೇ ನೀರು ಕುಡೀತಿಲ್ಲ."

ಕೀರ್ತಿರಾಜ್ ತಾನೂ ಬಗ್ಗಿ ಕೆರೆದು ನೋಡಿದ. "ಯಾರು ಮಾಡಿದ್ದು ಇದನ್ನ?"

"ನಾನೇ ಕಣಪ್ಪ," ಎಂದಳು ದಾಕ್ಷಾಯಣಮ್ಮ ಬಾಗಿಲಿನಿಂದಲೇ. "ಆಫೀಸರು ಬತ್ತಾರಲ್ಲ, ನೀಟಾಗಿರ್ಲಿ ಅಂತ..."

ರುದ್ರೇಶ ಹಣೆ ಚಚ್ಚಿಕೊಂಡು ನಕ್ಕ. "ಅಯ್ಯೋ ಅವ್ವಾ! ಕಕ್ಕಸಿನ ಗುಂಡಿಗೂ ಸಾರಿಸ್ತಾರೇನವ್ವಾ? ರಂಗೋಲಿ ಒಂದು ಯಾಕೆ ಬಿಟ್ಟೆ?" ಕೀರ್ತಿರಾಜನಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಗಯ್ಯ ಕೈಯನ್ನು ಮಣ್ಣಿಗೆ ಒರೆಸಿದ. ದಾಕ್ಷಾಯಣಮ್ಮ ನಗದೆ ಒಳಕ್ಕೆ ಹೋದಳು.

"ಹೊಸ ಗುಂಡಿ ತೋಡಿ ಗಂಗಯ್ಯನವರೆ," ಎಂದ ಕೀರ್ತಿರಾಜ್. "ಎರಡು ಮೂರು ಸಲ ನೀರು ತುಂಬಿಸಿ ನೆನೆಸಿ. ನನಗೆ ಹಿರೀಸಾವೆಯಲ್ಲಿ ಒಂದು ಕೆಲಸ ಇದೆ. ಮೂರು ಗಂಟೆಗೆ ಬಂದು ಅಳೀತೀನಿ."

ಗಂಗಯ್ಯ ಒಂದು ಮಾರು ಆಚೆಗೆ ಹೊಸ ಗುಂಡಿ ತೋಡಿದ. ನೀರು ತುಂಬಿಸಿದ, ಇಂಗಿತು. ಮತ್ತೆ ತುಂಬಿಸಿದ, ಇಂಗಿತು. ಊಟಕ್ಕೂ ಮನೆಗೆ ಹೋಗಲಿಲ್ಲ. ಬೆಟ್ಟಮ್ಮ ಬೇಲಿಯ ಹತ್ತಿರ ತಂದು ಕೊಟ್ಟ ಮುದ್ದೆಯ ಬಟ್ಟಲನ್ನು ಗುಂಡಿಯ ಪಕ್ಕದಲ್ಲೇ ಇಟ್ಟುಕೊಂಡು ಉಂಡ. ಎದ್ದು ಹೋದರೆ ಮತ್ತೇನಾಗುತ್ತದೋ ಎಂಬ ಭಯ ಅವನಿಗಿತ್ತು. ಆ ನಡುವೆ ದಾಕ್ಷಾಯಣಮ್ಮ ಎರಡು ಸಲ ಬಾಗಿಲಿಗೆ ಬಂದಳು. ಅವನು ಕಾವಲು ಕೂತಿರುವುದನ್ನು ನೋಡಿದಳು. ಏನೋ ಹೇಳಲು ಬಂದವಳಂತೆ ನಿಂತು, ಹೇಳದೆ ಒಳಗೆ ಹೋದಳು.

ಮೂರಕ್ಕೆ ಕೀರ್ತಿರಾಜ್ ಬಂದು ಕೋಲು ನೆಟ್ಟ. ಮೊದಲ ಅಂಗುಲ ಇಳಿಯಲು ಒಂಬತ್ತು ನಿಮಿಷ ಹಿಡಿಯಿತು. ಮತ್ತೆ ತುಂಬಿಸಿ ನೋಡಿದ, ಹತ್ತು ನಿಮಿಷ. ಮೂರನೆಯ ಸಲ ಹನ್ನೊಂದು. "ಬಂಗಾರದಂಥ ಮಣ್ಣು," ಎಂದು ಅವನು ಎದ್ದು ನಿಂತ. "ಕೆಳಗಿನ ಸೈಟ್ ಬೇಕಾಗೇ ಇಲ್ಲ. ಇಲ್ಲೇ ಮಾಡ್ಸಿ."

ಗಂಗಯ್ಯ ಉಸಿರು ಬಿಟ್ಟ. ಬೇಲಿಯ ಆಚೆ ಬೀದಿಯವರು ನಾಲ್ಕು ಜನ ನಿಂತಿದ್ದರು. ಅವನು ಅವರ ಕಡೆ ನೋಡಿ ತಲೆ ಆಡಿಸಿದ. ಅವರು ಚದುರಿದರು. ಇನ್ನು ತನಗೆ ಬೇಕಾದದ್ದು ಏನೂ ಇಲ್ಲ ಎಂದು ಅವನು ಗುದ್ದಲಿ ತೊಳೆಯಲು ಹೊರಟ.

"ಒಂದು ನಿಮಿಷ," ಎಂದು ಕೀರ್ತಿರಾಜ್ ತಡೆದ. "ಬೆಳಿಗ್ಗೆ ಫೇಲ್ ಆದ ಅಳತೆ ಆಗಲೇ ಮೊಬೈಲಲ್ಲಿ ಕಳಿಸಿಬಿಟ್ಟಿದ್ದೀನಿ. ಅದು ಯಾಕೆ ತಪ್ಪಾಯ್ತು ಅಂತ ಕಾರಣ ಬರೀದೆ ಇದ್ರೆ ಹೊಸ ಅಳತೆ ತಗೊಳ್ಳಲ್ಲ. ಏನಂತ ಹಾಕೋಣ?"

ರುದ್ರೇಶ ಯೋಚಿಸಿದ. "ಸಗಣಿ ಗಿಗಣಿ ಅಂತ ಹಾಕ್ಬ್ಯಾಡಿ ಸರ್, ಪಂಚಾಯ್ತೀಲಿ ಓದ್ಕಂಡು ವರ್ಷಗಟ್ಲೆ ನಗ್ತಾರೆ. ಗುಂಡಿ ತೋಡ್ದೋರು ಸರಿಯಾಗಿ ತೋಡಿರ್ಲಿಲ್ಲ ಅಂತ ಹಾಕ್ಬುಡಿ. ಏನೂ ಅನ್ಕಬ್ಯಾಡ ಗಂಗಯ್ಯ, ಬರೀ ಕಾಗದಕ್ಕೆ."

ಬರೀ ಕಾಗದಕ್ಕೆ. ಗಂಗಯ್ಯನಿಗೆ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಆದರೆ ಬಾವಿ ಉಳಿದಿತ್ತು. ಎರಡನ್ನೂ ಕೇಳಲು ಹೋದರೆ ಇರುವುದೂ ಹೋದೀತೆಂದು ಹೆದರಿ ಬದುಕಿದವರ ಮಗ ಅವನು.

"ಬರ್ಕಳಿ ಸಾ," ಎಂದ.

ಕೀರ್ತಿರಾಜನಿಗೆ ಅದು ಹಿಡಿಸಲಿಲ್ಲ. ಆದರೂ ಟೈಪು ಮಾಡುತ್ತ ಗಟ್ಟಿಯಾಗಿ ಓದಿದ. "ಗುಂಡಿ ತೋಡಿದವರ ಲೋಪದಿಂದಾಗಿ..."

"ಅದನ್ನ ಅಳಿಸ್ರಿ."

ದಾಕ್ಷಾಯಣಮ್ಮ ಬಾಗಿಲು ಬಿಟ್ಟು ಹಿತ್ತಲಿಗೆ ಇಳಿದಿದ್ದಳು. ಹಳೆಯ ಗುಂಡಿಯ ಹತ್ತಿರಕ್ಕೆ ಬಂದು ನಿಂತಳು.

"ಅವನದ್ಯಾತರ ಲೋಪ? ಅವನು ತೋಡಿದ್ದು ಸರಿಯಾಗೇ ಇತ್ತು. ಸಾರಿಸಿದ್ದು ನಾನು. ನನ್ನ ಹೆಸ್ರು ಹಾಕಿ. ದಾಕ್ಷಾಯಣಮ್ಮ ಅಂತ."

"ಸರಿ ಅಮ್ಮ. ಆಫೀಸರ್ ಬರ್ತಾರೆ ಅಂತ ಶುಚಿ ಮಾಡಿದ್ರು, ಹಾಗಂತ ಹಾಕ್ಲಾ?"

"ನಿಮಗೋಸ್ಕರ ಅಲ್ಲಪ್ಪ. ಬೆಳಿಗ್ಗೆ ಹಾಗಂದಿದ್ದು ಸುಳ್ಳು. ಅವನು ಕೆಲಸ ಮಾಡಿ ಹೋದ ಜಾಗ ಅಂತ ಸಾರ್ಸಿದೆ. ನಮ್ಮತ್ತೆ ಸಾರಿಸ್ತಿದ್ರು, ನಾನೂ ಸಾರ್ಸಿದೆ."

ಕೀರ್ತಿರಾಜನಿಗೆ ಅರ್ಥವಾಗಲಿಲ್ಲ. "ಅವರು ಹೋದ್ಮೇಲೆ ಯಾಕಮ್ಮ ಸಾರಿಸ್ಬೇಕು?" ಎಂದು ಕೇಳಿಯೇಬಿಟ್ಟ. ಕೇಳಿದ ಮೇಲೆ ಅವನಿಗೂ ಅರ್ಥವಾಯಿತು. ಮುಖ ಕೆಂಪಗಾಗಿ ಮೊಬೈಲಿನ ಕಡೆ ನೋಡಿದ.

"ಅವ್ವಾ, ಒಳಕ್ಕೆ ಹೋಗು," ಎಂದ ರುದ್ರೇಶ. ಅವನ ನಗು ಮಾಯವಾಗಿತ್ತು.

"ಇರೋ. ಯಾಕೆ ಅಂತ ಇವತ್ತಿನವರ್ಗೂ ನನ್ನ ನಾನೇ ಕೇಳ್ಕಂಡಿರ್ಲಿಲ್ಲ ಕಣೋ. ಬೆಳಿಗ್ಗೆ ಎದ್ದೆ, ಬಗ್ಗಡ ಕಲಸ್ದೆ, ಸುತ್ತ ಸಾರ್ಸಿದೆ. ಕೈ ತಾನಾಗೇ ಗುಂಡಿ ಒಳಕ್ಕೂ ಹೋಯ್ತು. ಸಾರಿಸಿ ಮುಗಿಯೋವರ್ಗೂ ನಂಗೆ ಏನೂ ಅನ್ನಿಸ್ನಿಲ್ಲ. ಆಮೇಲೆ ಇವನು ಕೈ ಎತ್ತಿ ತೋರಿಸ್ದ ನೋಡು, ಎಲ್ರ ಮುಖ ನೋಡ್ದ, ನನ್ನ ಮುಖ ಮಾತ್ರ ನೋಡ್ಲಿಲ್ಲ. ಇವನಿಗೆ ಗೊತ್ತಾಗಿದೆ ಅಂತ ಆವಾಗ ಗೊತ್ತಾಯ್ತು." ಆಕೆ ಗಂಗಯ್ಯನ ಕಡೆ ತಿರುಗಿದಳು. "ನಂದು ತಪ್ಪು ಗಂಗಯ್ಯ."

ಕೀರ್ತಿರಾಜ್ ಬರೆದಿದ್ದನ್ನು ಅಳಿಸಿ, 'ಮನೆಯ ಯಜಮಾನಿ ದಾಕ್ಷಾಯಣಮ್ಮ ಇವರು ಗುಂಡಿಯ ಒಳಭಾಗವನ್ನು ಸಗಣಿಯಿಂದ ಸಾರಿಸಿದ್ದರಿಂದ ಮೊದಲನೆಯ ಅಳತೆ ತಪ್ಪಾಗಿರುತ್ತದೆ. ಗುಂಡಿ ತೋಡಿದ್ದು ಸಮರ್ಪಕವಾಗಿರುತ್ತದೆ' ಎಂದು ಬರೆದು, ಒಂದಕ್ಷರವೂ ಬಿಡದೆ ಓದಿ ಹೇಳಿ ಕಳಿಸಿದ. ಆಕೆ ಇದನ್ನು ಹೇಳುತ್ತಾಳೆಂದು ಗಂಗಯ್ಯ ಎಣಿಸಿರಲಿಲ್ಲ. ಆಯಿತು ಬಿಡಿ ಅಮ್ಮಾರೆ ಎಂಬ ಮಾತು ಬಾಯಿಯವರೆಗೆ ಬಂತು. ಅಷ್ಟು ಬೇಗ ಆಗುವಂಥದ್ದಲ್ಲ ಅದು ಎನ್ನಿಸಿ ಗುದ್ದಲಿ ಕೈಗೆತ್ತಿಕೊಂಡ.

ಕೊನೆಗೆ ರುದ್ರೇಶನೇ ಕೆಮ್ಮಿ, ಎತ್ತಲೋ ನೋಡುತ್ತ ಕೇಳಿದ. "ನಾಳೆಯಿಂದ ಕೆಲಸ ಹಿಡೀತೀಯಾ ಗಂಗಣ್ಣ?"

"ಇಡೀತೀನಿ. ಆರಡಿ ಅಗಲ, ಅತ್ತಡಿ ಆಳ. ನಾಕು ದಿನ ಆಯ್ತದೆ."

ಗಂಗಯ್ಯ ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ನಡೆದ. ಕೆಲಸ ಹಿಡಿದ ಪ್ರತಿ ಮನೆಯಲ್ಲೂ ಹೇಳುವ ಒಂದು ಮಾತು ನೆನಪಾಗಿ ಹಿಂದಕ್ಕೆ ತಿರುಗಿದ. ಸಡಿಲ ಮಣ್ಣು, ಅಂಚು ಕುಸಿಯಬಾರದು, ಅಷ್ಟೇ ಅವನ ಮನಸ್ಸಿನಲ್ಲಿದ್ದದ್ದು.

"ಅಮ್ಮಾರೆ, ದಿನಾ ಸಂಜೆ ನಾನು ಒಂಟೋದ್ಮ್ಯಾಕೆ ಗುಂಡಿ ಎಂಗೈತೋ ಅಂಗೇ ಇರ್ಬೇಕು. ಯಾರೂ ಮುಟ್ಬ್ಯಾಡಿ."

ಬಾಯಿಂದ ಹೊರಟ ಮೇಲೆಯೇ ಅದು ಎಂಥ ಮಾತೆಂದು ಅವನಿಗೆ ಕೇಳಿಸಿತು. ಅರವತ್ತಮೂರು ವರ್ಷ ಈ ಬೀದಿಯಲ್ಲಿ ಅದನ್ನು ಕೇಳಿಸಿಕೊಂಡವನೇ ಹೊರತು ಆಡಿದವನಲ್ಲ. ದಾಕ್ಷಾಯಣಮ್ಮನಿಗೂ ಕೇಳಿಸಿತು. ಆಕೆ ಈ ಸಲ ಒಳಗೆ ಹೋಗಲಿಲ್ಲ. ಅವನ ಮುಖವನ್ನೇ ನೋಡಿದಳು.

"ಇಲ್ಲ ಗಂಗಯ್ಯ," ಎಂದಳು. "ಮುಟ್ಟಲ್ಲ."